ರಸ್ತೆಗೆ ಬಿದ್ದ ನೆರಳು

ಯಾರಾದರೂ ಎದುರಿಗೆ ಗೋಡೆಗೊಂದು ಮೊಳೆ ಹೊಡೆಯುತ್ತಿದ್ದರೆ ಸುಮ್ಮನೆ ನೋಡುತ್ತ ನಿಲ್ಲುವುದು ನನ್ನಿಂದ ಆಗುವುದಿಲ್ಲ. ಸುತ್ತಿಗೆಯನ್ನು ಸ್ವಲ್ಪ ಹಿಂದಕ್ಕೆ ಹಿಡಿಯಿರಿ ಎನ್ನುತ್ತೇನೆ, ಮೊಳೆ ಇಷ್ಟು ಸಣ್ಣದಾದರೆ ಹೇಗೆ ಎನ್ನುತ್ತೇನೆ, ಕೊನೆಗೆ ನೋಡಿದರೆ ಸುತ್ತಿಗೆ ನನ್ನ ಕೈಯಲ್ಲೇ ಇರುತ್ತದೆ. ಹೊಸಪೇಟೆಯ ಸುತ್ತಲಿನ ಕಾರ್ಖಾನೆಗಳಿಗೆ ಕಬ್ಬಿಣದ ಶೆಡ್ಡುಗಳ ನಕ್ಷೆ ಹಾಕಿಕೊಡುವುದು ನನ್ನ ವೃತ್ತಿ. ಹಾಗಾಗಿ ಹೊರಗಿನವರು ಈ ಗುಣವನ್ನು ಅನುಭವ ಎಂದು ಕರೆಯುತ್ತಾರೆ. ಚಿತ್ತವಾಡ್ಗಿಯ ನಮ್ಮ ಮನೆಯಲ್ಲಿ ಅದಕ್ಕೆ ಬೇರೆ ಹೆಸರಿದೆ. ಒಂದು ಬೇಸಿಗೆಯಲ್ಲಿ ಅತ್ತೆ ಮಾಳಿಗೆಯ ಮೇಲೆ ಹಪ್ಪಳ ಒಣಹಾಕಲು ಹಲಗೆ ಇಡಿಸಿದರು. ಹಲಗೆ ಮಟ್ಟಸವಾಗಿದ್ದುದು ನನ್ನ ಕಣ್ಣಿಗೆ ಹಿಡಿಸಲಿಲ್ಲ, ಒಂದು ಬದಿಗೆ ಇಟ್ಟಿಗೆ ಕೊಟ್ಟು ಇಳಿಜಾರು ಮಾಡಿದೆ. ಸಂಜೆ ಗಾಳಿ ಬೀಸಿದಾಗ ಹಪ್ಪಳಗಳೆಲ್ಲ ಜಾರಿ ಮೂಲೆಯಲ್ಲಿ ಸಭೆ ಸೇರಿದ್ದವು. "ನೀರು ಹರಿದು ಹೋಗ್ಲಿ ಅಂತ ಮಾಡಿದ್ದೆ" ಎಂದೆ. "ನೀರು ಬರೋ ಕಾಲದಾಗ ಹಪ್ಪಳ ಯಾರು ಹಾಕ್ತಾರ, ವಸುಧಾ?" ಎಂದು ಅತ್ತೆ ಶಾಂತವಾಗಿ ಕೇಳಿದರು. ಅಂದಿನಿಂದ ನಾನು ಮಾಳಿಗೆ ಹತ್ತಿದರೆ ಅವರೂ ಹಿಂದೆಯೇ ಹತ್ತುತ್ತಾರೆ.

ಇಂಥ ನನಗೆ ಊರಿನ ಕಾಲೇಜೊಂದರ ಉಪನ್ಯಾಸಕ ಪ್ರಹ್ಲಾದರು ಫೋನ್ ಮಾಡಿದ್ದು ಅವರ ದುರದೃಷ್ಟ. ವಿದ್ಯಾರ್ಥಿಗಳಿಗೆ ನೆರಳಿನ ವಿನ್ಯಾಸದ ಸ್ಪರ್ಧೆ ಇಟ್ಟಿದ್ದರು. ಜನ ಬಿಸಿಲಲ್ಲಿ ಕಾಯುವ ಯಾವುದಾದರೂ ಒಂದು ಜಾಗ ಆರಿಸಿಕೊಂಡು ಅಲ್ಲಿಗೆ ನೆರಳು ರೂಪಿಸಬೇಕು. ಗೆದ್ದ ವಿನ್ಯಾಸವನ್ನು ನಿಜವಾಗಿಯೂ ಕಟ್ಟಿಸಲು ದಾನಿಗಳು ಒಪ್ಪಿದ್ದರು. ಪ್ರತಿ ತಂಡದ ಜೊತೆ ವೃತ್ತಿಯಲ್ಲಿರುವ ಒಬ್ಬರು ಮಾರ್ಗದರ್ಶಕರಾಗಿ, ಸಂಬಳವಿಲ್ಲದೆ, ಇರಬೇಕು. "ನೀವು ಏನೂ ಮಾಡಬ್ಯಾಡ್ರಿ ಮೇಡಂ, ಬರೇ ಹುಡುಗ್ರ ಜೊತಿಗಿದ್ರ ಸಾಕು" ಎಂದರು ಪ್ರಹ್ಲಾದರು. ಸಂಬಳವಿಲ್ಲದ್ದು ನನಗೆ ಕಷ್ಟವಾಗಲಿಲ್ಲ. ಏನೂ ಮಾಡಬಾರದು ಎಂಬುದು ಎಷ್ಟು ಕಷ್ಟವೆಂದು ಆಗ ಹೊಳೆಯಲಿಲ್ಲ. ನನ್ನ ಗಂಡನಿಗೆ ಹೊಳೆಯಿತು. "ಪೆನ್ಸಿಲ್ ಆ ಹುಡುಗ್ಯಾರ ಕೈಯಾಗ ಬಿಡು, ಅಷ್ಟು ಮಾಡಿದ್ರ ಭಾಳ ಆತು" ಎಂದ.

ನನ್ನ ಪಾಲಿಗೆ ಬಂದದ್ದು ಇಬ್ಬರು ಹುಡುಗಿಯರು, ಚೋರನೂರಿನ ರೇಣುಕಾ ಮತ್ತು ಕಂಪ್ಲಿಯ ಶಬಾನಾ. ಅವರು ಆರಿಸಿಕೊಂಡಿದ್ದು ಸಂಡೂರಿನ ಹೊರಗೆ ಚೋರನೂರು ಬಸ್ಸಿಗೆ ಜನ ಕಾಯುವ ಜಾಗ. ರೇಣುಕಾಳ ತಾಯಿ ಸಂಡೂರಿನ ಹಾಸ್ಟೆಲೊಂದರಲ್ಲಿ ಅಡುಗೆ ಮಾಡಿ ದಿನಾ ಸಂಜೆಯ ಬಸ್ಸಿಗೆ ಅಲ್ಲಿಂದಲೇ ಊರಿಗೆ ಮರಳುತ್ತಿದ್ದಳು. ಜಾಗ ನೋಡಲು ಒಂದು ಸಂಜೆ ಮೂವರೂ ಹೋದೆವು. ಮರವಿಲ್ಲ, ಗೋಡೆಯಿಲ್ಲ, ಒಂದು ವಿದ್ಯುತ್ ಕಂಬ ಮಾತ್ರ ಇದೆ. ಆ ಕಂಬದ ನೆರಳು ನೆಲದ ಮೇಲೆ ಕಡ್ಡಿಯಂತೆ ಬಿದ್ದಿತ್ತು. ಅದರೊಳಗೆ ಹೆಂಗಸರು ಒಬ್ಬರ ಹಿಂದೊಬ್ಬರು ಸಾಲಾಗಿ ನಿಂತಿದ್ದರು. ನೆರಳು ಸರಿದಂತೆ ಸಾಲೂ ಸರಿಯುತ್ತಿತ್ತು. ನನಗೆ ನಗು ಬಂತು. ಸಾಲಿನ ನಡುವಿನಿಂದ ಒಬ್ಬಾಕೆ ಕೈಯೆತ್ತಿ ರೇಣುಕಾಳನ್ನು ಕರೆದಾಗ ನಗು ಅಲ್ಲೇ ನಿಂತಿತು. ಆಕೆಯೇ ತಾಯಿ. "ಬರ್ರಿ ಮೇಡಂ, ಹಿಂದ ಜಾಗ ಐತಿ" ಎಂದು ತನ್ನ ಬೆನ್ನ ಹಿಂದಿನ ಒಂದು ಗೇಣು ನೆರಳನ್ನು ತೋರಿಸಿದಳು.

ಮುಂದಿನ ವಾರ ಹುಡುಗಿಯರು ತಂದ ಚಿತ್ರ ಈಗಲೂ ಕಣ್ಣಮುಂದಿದೆ. ತಂಗುದಾಣದ ಮಾಡು ಬಹಳ ತಗ್ಗು. ಪಡುವಣ ಬದಿಗೆ ಅದು ಇನ್ನಷ್ಟು ಬಾಗಿ, ಹೆಂಗಸರು ಬಿಸಿಲಿಗೆ ಸೆರಗು ಮುಂದಕ್ಕೆ ಎಳೆದುಕೊಂಡ ಹಾಗೆ ಇಳಿದಿತ್ತು. ಅದರ ಅಂಚಿಗೆ ಈಚಲು ಚಾಪೆ ಇಳಿಬಿಟ್ಟಿದ್ದರು. ನಾನು ಚೆನ್ನಾಗಿದೆ ಎಂದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. "ಆದರೆ" ಎಂದೆ.

ಆದರೆ ಇಷ್ಟು ತಗ್ಗಾದರೆ ಅದಿರಿನ ಲಾರಿ ಸವರಿಕೊಂಡು ಹೋಗುತ್ತದೆ, ಮಾಡು ಎತ್ತರಿಸಿ. ಎತ್ತರಿಸಿದರೆ ಗಾಳಿ ಹಾರಿಸುತ್ತದೆ, ಕಂಬ ದಪ್ಪ ಮಾಡಿ. ಚಾಪೆ ಹರಿಯುತ್ತದೆ, ತೆಗೆದುಬಿಡಿ. ಎಲ್ಲವನ್ನೂ ಪ್ರೀತಿಯಿಂದಲೇ ಹೇಳಿದೆ. ಪೆನ್ಸಿಲನ್ನೂ ಪ್ರೀತಿಯಿಂದಲೇ ತೆಗೆದುಕೊಂಡೆ. ಕಂಪ್ಯೂಟರಿನಲ್ಲಿ ನಡು ಮಧ್ಯಾಹ್ನದ ಸೂರ್ಯನನ್ನು ಹಾಕಿ ತೋರಿಸಿದೆ. ನೆರಳು ಮಾಡಿನ ಕೆಳಗೆ ಅಚ್ಚುಕಟ್ಟಾಗಿ ಕೂತಿತ್ತು. "ಮೇಡಂ, ಮಧ್ಯಾಹ್ನ ಅಲ್ಲಿ ಯಾರೂ ಇರಂಗಿಲ್ರಿ, ಬಸ್ ಬರೋದು ಸಂಜಿಮುಂದ" ಎಂದಳು ರೇಣುಕಾ. "ಲೆಕ್ಕ ಹಾಕುವಾಗ ಅತಿ ಕಠಿಣ ಬಿಸಿಲಿಗೇ ಹಾಕಬೇಕಮ್ಮ" ಎಂದೆ. ಅವಳು ಇನ್ನೇನೋ ಹೇಳಲು ಬಾಯಿ ತೆರೆದಳು. ನಾನಾಗಲೇ ಬೋಲ್ಟಿನ ವಿಚಾರಕ್ಕೆ ಹೋಗಿದ್ದೆ. ಶಬಾನಾ ಗೆಳತಿಯ ಮುಖ ನೋಡಿ, ನನ್ನ ಮುಖ ನೋಡಿ, "ಮಸ್ತ್ ಆಗೇತ್ರಿ ಮೇಡಂ" ಎಂದಳು. ಊಟ ಸೇರದ ನೆಂಟರು ಅಡುಗೆ ಹೊಗಳುವ ದನಿಯಲ್ಲಿ ಹೇಳಿದ್ದಳೆಂದು ಈಗ ಅನ್ನಿಸುತ್ತದೆ. ನಾನು ಚಿಕ್ಕಂದಿನಲ್ಲಿ ರಜೆಗೆ ಹಂಪಿಯ ದೊಡ್ಡಪ್ಪನ ಮನೆಗೆ ಹೋಗಿ ಸಂಜೆಯೆಲ್ಲ ಸಾಲುಮಂಟಪಗಳ ತಗ್ಗು ಚಾವಣಿಯ ಕೆಳಗೆ ತಣ್ಣಗೆ ಕೂತು ಬೆಳೆದವಳು. ಆ ಕಲ್ಲಿನ ತಂಪು ಮೈಗೆ ಗೊತ್ತಿತ್ತು, ತಲೆಗೆ ಹತ್ತಿರಲಿಲ್ಲ. ಅಂತೂ ಅವರ ಸೆರಗಿನ ಮಾಡು ಕಾರ್ಖಾನೆಯ ಶೆಡ್ಡಾಯಿತು.

ಸ್ಪರ್ಧೆಯ ದಿನ ಮಾದರಿಗಳನ್ನು ಕಾಲೇಜಿನ ಸಭಾಂಗಣದಲ್ಲಿ ಸಾಲಾಗಿ ಜೋಡಿಸಿದ್ದರು. ಶಬಾನಾ ನಮ್ಮ ಮಾದರಿಯೊಳಗೆ ನಿಲ್ಲಿಸಲು ಮಣ್ಣಿನ ಹೆಂಗಸರನ್ನು ಮಾಡಿ ಸೀರೆಯ ಚೂರು ಉಡಿಸಿದ್ದಳು. ಒಬ್ಬಳ ಕೈಯಲ್ಲಿ ಪುಟ್ಟ ಊಟದ ಡಬ್ಬಿ ಇತ್ತು. ಅದು ರೇಣುಕಾಳ ತಾಯಿ. ನಾಲ್ಕರ ಸುಮಾರಿಗೆ ತೀರ್ಪುಗಾರರು ಬಂದರು. ನಿವೃತ್ತ ಪ್ರಾಧ್ಯಾಪಕಿ, ಸಣ್ಣ ದನಿಯವರು. ಒಳಗೆ ಒಂದು ಸುತ್ತು ನೋಡಿ, "ನೆರಳಿನ ಸ್ಪರ್ಧೆಯನ್ನು ಟ್ಯೂಬ್‌ಲೈಟಿನ ಕೆಳಗೆ ಹೇಗೆ ನೋಡೋದು? ಎಲ್ಲಾ ಹೊರಗೆ ತನ್ನಿ" ಎಂದರು.

ಹೊರಗೆ ಇಳಿಬಿಸಿಲು ಚೆನ್ನಾಗಿ ಕಾಯುತ್ತಿತ್ತು. ಹುಡುಗಿಯರು ಮಾದರಿಯನ್ನು ಅಂಗಳದ ಮೇಜಿನ ಮೇಲೆ, ಸಂಡೂರಿನ ಆ ಜಾಗದಲ್ಲಿ ಹೇಗಿರಬೇಕೋ ಅದೇ ದಿಕ್ಕಿಗೆ ಇಟ್ಟರು. ನನ್ನ ಎತ್ತರದ ಮಾಡಿನ ನೆರಳು ಮಣ್ಣಿನ ಹೆಂಗಸರ ತಲೆಯ ಮೇಲಿಂದ ದಾಟಿ, ರಟ್ಟಿನ ರಸ್ತೆಯ ಮೇಲೆ ಹೋಗಿ ಮಲಗಿತು. ಹೆಂಗಸರೆಲ್ಲ ಬಿಸಿಲಲ್ಲಿ ನಿಂತಿದ್ದರು. ರಸ್ತೆಯಲ್ಲಿದ್ದ ಆಟಿಕೆ ಲಾರಿಯೊಂದು ತಂಪಾಗಿತ್ತು.

"ಬಸ್ಸು ಎಷ್ಟು ಹೊತ್ತಿಗಮ್ಮ?" ಎಂದು ತೀರ್ಪುಗಾರರು ಕೇಳಿದರು.

"ಇಷ್ಟೊತ್ತಿಗೇರಿ" ಎಂದಳು ರೇಣುಕಾ.

"ಹಾಗಾದರೆ ಈ ನೆರಳು ಯಾರಿಗೆ? ಇಷ್ಟು ಎತ್ತರ ಯಾಕೆ ಮಾಡಿದಿರಿ?"

ರೇಣುಕಾ ನನ್ನ ಕಡೆ ತಿರುಗಲಿಲ್ಲ. ತಿರುಗಿದ್ದರೆ ಸಾಕಿತ್ತು, ಅವರಿಗೆ ಅರ್ಥವಾಗುತ್ತಿತ್ತು. "ನಮ್ದ ತಪ್ಪಾಗೇತ್ರಿ" ಎಂದಳು. ಶಬಾನಾ ಡಬ್ಬಿ ಹಿಡಿದ ಮಣ್ಣಿನ ಹೆಂಗಸನ್ನು ಮೆಲ್ಲಗೆ ಎತ್ತಿ, ರಸ್ತೆಯ ನೆರಳಿನಲ್ಲಿ, ಲಾರಿಯ ಪಕ್ಕ ನಿಲ್ಲಿಸಿದಳು. ಮೊಳೆಗೂ ಹಪ್ಪಳಕ್ಕೂ ಬಾಯಿ ಹಾಕುವ ನಾನು, ಎತ್ತರ ನನ್ನದು ಎಂಬ ಎರಡೇ ಪದ ಹೇಳಬೇಕಾದ ಹೊತ್ತಿನಲ್ಲಿ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತ ನಿಂತೆ.

ಬಹುಮಾನ ಇನ್ನೊಂದು ತಂಡಕ್ಕೆ ಹೋಯಿತು. ಹಂಪಿಗೆ ಬರುವ ಪ್ರವಾಸಿಗರು ಬಾಡಿಗೆ ಸೈಕಲ್ಲು ನಿಲ್ಲಿಸುವ ಜಾಗಕ್ಕೆ ಅವರು ನೆರಳು ಮಾಡಿದ್ದರು. ಆ ತಂಡದ ಮಾರ್ಗದರ್ಶಕರು ಗಣಿಯಿಂದ ನಿವೃತ್ತರಾದ ಎಂಜಿನಿಯರು. ಪ್ರತಿ ಸಲ ಹುಡುಗರಿಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಂದುಕೊಟ್ಟು ಕುರ್ಚಿಯಲ್ಲಿ ಕೂತು ತೂಕಡಿಸುವುದು ಬಿಟ್ಟು ಅವರು ಬೇರೇನೂ ಮಾಡಿದ್ದನ್ನು ನಾನು ನೋಡಿರಲಿಲ್ಲ. ಸೈಕಲ್ಲುಗಳಿಗೆ ನೆರಳು ಸಿಕ್ಕಿತು. ನಾನು ತೀರ್ಪುಗಾರರ ಹತ್ತಿರ ಹೋಗಿ, ಹುಡುಗಿಯರ ಮೊದಲ ಚಿತ್ರ ತಗ್ಗಾಗಿತ್ತು, ಕೆಡಿಸಿದವಳು ನಾನು ಎಂದು ಹೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಅಲ್ಲೇ ಹೇಳಬೇಕಿತ್ತಲ್ಲ" ಎಂದರು. ಬೈದಿದ್ದರೆ ಸುಲಭವಾಗುತ್ತಿತ್ತು.

ಅಷ್ಟರಲ್ಲಿ ಪ್ರಹ್ಲಾದರು ಮಾರ್ಗದರ್ಶಕರ ಪರವಾಗಿ ಎರಡು ಮಾತಾಡಿ ಎಂದು ಮೈಕು ಕೊಟ್ಟರು. ಎಲ್ಲರೆದುರು ಸತ್ಯ ಹೇಳಿ ಆ ಹುಡುಗಿಯರ ಕ್ಷಮೆ ಕೇಳಿ ಇಳಿದುಬಿಡಬೇಕೆಂದು ಗಟ್ಟಿಮನಸ್ಸು ಮಾಡಿದೆ. ಆದರೆ ಅದಕ್ಕೊಂದು ಪೀಠಿಕೆ ಬೇಕೆನ್ನಿಸಿತು. ದೊಡ್ಡವರು ಚಿಕ್ಕವರ ಮಾತು ಕೇಳಿಸಿಕೊಳ್ಳಬೇಕು ಎಂದು ಶುರುಮಾಡಿದೆ. ಉದಾಹರಣೆ ಕೊಟ್ಟೆ. ಚಪ್ಪಾಳೆ ಬಿತ್ತು, ಇನ್ನೊಂದು ಉದಾಹರಣೆ ಕೊಟ್ಟೆ. ಕೊನೆಗೆ "ನಮ್ಮ ತಂಡದ ರೇಣುಕಾ, ಶಬಾನಾ" ಎಂದು ತಲೆಯೆತ್ತಿ ನೋಡಿದರೆ ಅವರ ಕುರ್ಚಿಗಳು ಖಾಲಿ. ಊರಿಗೆ ಹೋಗುವ ಹೊತ್ತಾಗಿ ಎದ್ದುಹೋಗಿದ್ದರು. ಮಾತು ಅರ್ಧಕ್ಕೇ ಬಿಟ್ಟು ಮೈಕನ್ನು ಪ್ರಹ್ಲಾದರ ಕೈಗೆ ಕೊಟ್ಟೆ. ಭಾವುಕಳಾದೆನೆಂದು ತಿಳಿದು ಸಭೆ ಇನ್ನೊಮ್ಮೆ ಚಪ್ಪಾಳೆ ತಟ್ಟಿತು.

ಮರುದಿನ ಬೆಳಿಗ್ಗೆ ರೇಣುಕಾಳಿಗೆ ಫೋನ್ ಮಾಡಿದೆ. ನಾನು ಎಲ್ಲಿ ತಪ್ಪಿದೆ, ಯಾಕೆ ತಪ್ಪಿದೆ, ಆಗ ಯಾಕೆ ಸುಮ್ಮನಿದ್ದೆ, ಎಲ್ಲವನ್ನೂ ಬಿಡಿಸಿ ಹೇಳಿದೆ. ಮನಸ್ಸು ಹಗುರಾಗಿ ಅಡುಗೆಮನೆಗೆ ಬಂದು ಗಂಡನಿಗೆ ಸುದ್ದಿ ಮುಟ್ಟಿಸಿದೆ.

"ಚಲೋ ಆತು. ಎಷ್ಟೊತ್ತು ಮಾತಾಡಿದಿ?" ಎಂದು ಕೇಳಿದ.

"ಮುಕ್ಕಾಲು ಗಂಟೆ ಆಗಿರಬೇಕು."

"ಆಕಿ ಏನಂದ್ಲು?"

ನಾನು ನೆನಪು ಮಾಡಿಕೊಳ್ಳತೊಡಗಿದೆ.