ದೃಷ್ಟಿಗೆ ಕಟ್ಟಿದ ಕೆಂಚಕ್ಕ

ಲಕ್ಕಮ್ಮ: ಆಗಲ್ಲ ಅಂದ್ರೆ ಆಗಲ್ಲ ಕಣಮ್ಮ. ಶುಕ್ರವಾರ ಗೃಹಪ್ರವೇಶ ಮುಗೀಲಿ, ಆಮ್ಯಾಕೆ ನಾನೇ ಅರಿಶಿನ ಕುಂಕುಮ ಇಕ್ಕಿ ತಂದ್ಕೊಡ್ತೀನಿ.

ಮಧುಶ್ರೀ: ಅಜ್ಜಿ, ಅದು ದೃಷ್ಟಿಬೊಂಬೆ ಅಲ್ಲ, ಲೈಬ್ರರಿ ಪುಸ್ತಕ. ನಿಮ್ಮ ಮೊಮ್ಮಗಳು ಗಾನವಿ ಓದ್ತೀನಿ ಅಂತ ತಗೊಂಡೋಗಿದ್ದು. ಹದಿನೈದು ದಿನಕ್ಕೆ ವಾಪಸ್ ಬರ್ಬೇಕಿತ್ತು. ಇವತ್ತಿಗೆ ಇಪ್ಪತ್ತು ದಿನ.

ಲಕ್ಕಮ್ಮ: ಓದ್ಬ್ಯಾಡ ಅಂದೋರ್ಯಾರು? ಅಗೋ, ಊರಿಗೆಲ್ಲಾ ಕಾಣೋ ಹಂಗೇ ಕಟ್ಟಿಲ್ವಾ?

ಬಡವನಹಳ್ಳಿಯ ಪಂಚಾಯ್ತಿ ಗ್ರಂಥಾಲಯ ನೋಡಿಕೊಳ್ಳುವ ಮಧುಶ್ರೀ ತಲೆ ಎತ್ತಿದಳು. ಹೊಸ ಮನೆಯ ನೆತ್ತಿಯಲ್ಲಿ, ಬೂದುಗುಂಬಳಕಾಯಿ ತೂಗಬೇಕಾದ ಜಾಗದಲ್ಲಿ, 'ಹುಣಸೇತೋಪಿನ ಕೆಂಚಕ್ಕ' ಎಂಬ ಮಕ್ಕಳ ಚಿತ್ರಪುಸ್ತಕ ಊಟದೆಲೆಯಗಲಕ್ಕೆ ಬಾಯಿ ತೆರೆದುಕೊಂಡು ತಂತಿಯಲ್ಲಿ ನೇತಾಡುತ್ತಿತ್ತು. ಎರಡೂ ಬದಿಗೆ ಬಟ್ಟೆ ಕ್ಲಿಪ್ಪು. ನಡುವೆ ದೋಸೆಯಂಥ ಕಣ್ಣು, ಮೊಳದುದ್ದ ನಾಲಿಗೆ, ಹಿಂದುಮುಂದಾದ ಪಾದಗಳ ದೆವ್ವ. ಕೆಳಗೆ ಜಲ್ಲಿ ರಾಶಿಯ ಮೇಲೆ ಲಕ್ಕಮ್ಮನ ಗಂಡ ಬೋರಯ್ಯ ಏಣಿಯನ್ನು ಹೆಗಲಿಗೊರಗಿಸಿಕೊಂಡು, ಈ ಜಗಳ ತನಗೆ ಸಂಬಂಧಿಸಿದ್ದೇ ಅಲ್ಲ ಎಂಬಂತೆ ಕೂತಿದ್ದ.

ಮಧುಶ್ರೀ: ಅಂಗಡೀಲಿ ದೃಷ್ಟಿಬೊಂಬೆ ಸಿಗಲ್ವಾ ಅಜ್ಜಿ?

ಲಕ್ಕಮ್ಮ: ಸಿಗ್ದೇ ಏನು. ಶಿರಾದಿಂದ ತರ್ಸಿ ಕಟ್ಟಿದ್ದೆ. ಬೀಗ್ರ ಮನೇಲಿ ಮೂರ್ನೇ ಸಲ ಪಾಯ್ಸ ಕೇಳೋನ ಹಂಗೆ ಹಲ್ಲು ಕಿರೀತಿತ್ತು. ಗುಬ್ಬಚ್ಚಿ ಅದ್ರ ಬಾಯಾಗೇ ಗೂಡು ಕಟ್ಟಿ, ಮರಿ ಮಾಡಿ, ಆ ಮರಿಗೆ ಮದ್ವೇನೂ ಮಾಡಿ ಕಳಿಸ್ತು. ಅಂಥದ್ದು ನಮ್ಮ ಈಶ್ವರಮ್ಮನ ಕಣ್ಣು ತಡೀತದಾ?

ಮಧುಶ್ರೀ: ಯಾರು, ಎದುರು ಮನೆಯೋರಾ?

ಬೋರಯ್ಯ: ನನ್ ತಮ್ಮನ ಹೆಂಡ್ರು ಕಣಮ್ಮ. ಇವ್ಳಿಗೆ ವಾರಗಿತ್ತಿ.

ಲಕ್ಕಮ್ಮ: ಒಂದಿನ ನಮ್ಮ ಎಮ್ಮೆ ನೋಡಿ 'ಚೆನ್ನಾಗೈತೆ' ಅಂದ್ಲು. ಅಷ್ಟೇ ಅಂದಿದ್ದು. ಮೂರು ದಿನ ಎಮ್ಮೆ ಹಾಲು ಬುಟ್ಟು ಮಜ್ಜಿಗೆ ಕೊಡ್ತು.

ಬೋರಯ್ಯ: ಆ ಮೂರು ದಿನ ಹಾಲಿಗೆ ನೀರು ಸೇರಿಸ್ದೋಳು ನೀನೇ ಕಣೇ.

ಲಕ್ಕಮ್ಮ: ನೀವು ಏಣಿ ಹಿಡ್ಕಳಿ, ಸಾಕು.

ಮಧುಶ್ರೀ ಅಲ್ಲೇ ಸಿಮೆಂಟು ಮೂಟೆಯ ಮೇಲೆ ಕುಸಿದು ಕೂತಳು.

ಮಧುಶ್ರೀ: ಅಜ್ಜಿ, ನನ್ನ ಕಷ್ಟ ಕೇಳಿ. ಲೈಬ್ರರೀಲಿ ನಲವತ್ತು ನೀತಿಕಥೆ ಪುಸ್ತಕ ಇದೆ. ಸುಳ್ಳು ಹೇಳಬಾರ್ದು, ಹಲ್ಲು ಉಜ್ಜಬೇಕು, ಹಿರಿಯರ ಮಾತು ಕೇಳಬೇಕು. ಗೆದ್ದಲೂ ಮುಟ್ಟಿಲ್ಲ. ಮಕ್ಕಳು ಬರ್ತಿದ್ದಿದ್ದು ಈ ಒಂದು ದೆವ್ವಕ್ಕೆ. 'ಭಯ ಆಗುತ್ತೆ ಮಿಸ್' ಅಂತ ಪಟ್ಟನೆ ಮುಚ್ತವೆ, ಪಕ್ಕದೋಳ ಕೈ ಹಿಡ್ಕೊಂಡು ಮತ್ತೆ ಅದೇ ಪುಟ ತೆಗೀತವೆ. ಹಂಗೆ ಬಂದವು ಕೊನೆಗೆ ಇನ್ನೊಂದು ಪುಸ್ತಕಾನೂ ಹಿಡ್ಕೊಂಡೇ ಮನೆಗೆ ಹೋಗ್ತಿದ್ವು. ಈಗ ಇಪ್ಪತ್ತು ದಿನದಿಂದ ಅಲ್ಲಿ ನಾನೊಬ್ಳೇ ದೆವ್ವದ ಹಂಗೆ ಕೂತಿದೀನಿ. ನಾಳೇನೇ ಮಧುಗಿರಿಯಿಂದ ಸಾಹೇಬ್ರು ತಪಾಸಣೆಗೆ ಬರ್ತಾರೆ. ಮಕ್ಕಳೇ ಇಲ್ಲದ ಮಕ್ಕಳ ಕೋಣೆ ನೋಡಿದ್ರೆ ಬೀಗ ಹಾಕಿಸ್ತಾರೆ.

ಲಕ್ಕಮ್ಮ: ಅಯ್ಯೋ ಪಾಪ. ಅಷ್ಟು ಮಕ್ಳು ಎಲ್ಲೋದ್ವು?

ಮಧುಶ್ರೀ: ತಾತನ್ನ ಕೇಳಿ.

ಬೋರಯ್ಯ ಏಣಿಯನ್ನು ಆ ಹೆಗಲಿನಿಂದ ಈ ಹೆಗಲಿಗೆ ಬದಲಾಯಿಸಿದ.

ಬೋರಯ್ಯ: ನಾನೇನ್ಮಾಡ್ಲಿ. ಇಸ್ಕೂಲು ಬುಟ್ಟೇಟ್ಗೆ ಅರವತ್ತು ಮಕ್ಳು ಬಂದು 'ತಾತ, ಪುಟ ತಿರುಗ್ಸು' ಅಂತ ನಿಂತ್ಕತವೆ. ದಿನಕ್ಕೊಂದು ಪುಟ ತಿರುಗಿಸ್ತೀನಿ. ಮೊನ್ನೆ ಮಂಡಿನೋವು ಅಂತ ಏಣಿ ಹತ್ತಲಿಲ್ಲ. ಶಿರಾ ಬಸ್ಸಿನ ಡ್ರೈವರು ಇಲ್ಲೇ ನಿಲ್ಸಿ, ಪುಟ ತಿರುಗೋಗಂಟ ಹಾರನ್ ಹೊಡ್ದ. ಪ್ಯಾಸೆಂಜರೆಲ್ಲ ಇಳಿದು ಏಣಿ ಹಿಡ್ಕಂಡ್ರು. ಬಲಸಮುದ್ರದಾಗೆ ಸೋಲಾರ್ ಪ್ಲೇಟಿನ ಧೂಳು ಒರ್ಸೋರು ಕೆಲ್ಸ ಬುಟ್ಟು ಬಂದಿದ್ರಂತೆ. ಆವತ್ತು ಪಾವಗಡಕ್ಕೆ ಕರೆಂಟೇ ಕಮ್ಮಿ.

ಮಧುಶ್ರೀ: ಕೇಳಿದ್ರಾ ಅಜ್ಜಿ? ಯಾರ ಕಣ್ಣೂ ಬೀಳಬಾರ್ದು ಅಂತ ಕಟ್ಟಿದ್ರಿ. ನಾಲ್ಕು ತಾಲ್ಲೂಕಿನ ಕಣ್ಣು ಬಂದು ನಿಮ್ಮನೆ ಮುಂದೆ ಬಿದ್ದಿದೆ.

ಗೆದ್ದೆ ಎಂದುಕೊಂಡು ಮಧುಶ್ರೀ ಎದ್ದು ನಿಂತಳು. ಲಕ್ಕಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

ಲಕ್ಕಮ್ಮ: ಅಷ್ಟು ಓದಿ ಇಷ್ಟೂ ತಿಳೀಲ್ವಾ ಕಣವ್ವ? ಅವು ನೋಡೋದು ಕೆಂಚಕ್ಕನ್ನ, ಮನೇನಲ್ಲ. ನೀನೇ ಅರ್ಧ ಗಂಟೆಯಿಂದ ಇಲ್ಲಿದೀಯ. ಕಣ್ಣು ಮುಚ್ಕ. ಈಗ ಹೇಳು, ನಮ್ಮನೆ ಯಾವ ಬಣ್ಣ?

ಮಧುಶ್ರೀ ಕಣ್ಣು ಮುಚ್ಚಿದಳು. ನಾಲಿಗೆ ಕಂಡಿತು, ದೋಸೆಗಣ್ಣು ಕಂಡಿತು. ಮನೆ ಮಾತ್ರ ಕಾಣಲಿಲ್ಲ.

ಮಧುಶ್ರೀ: ಹಳದಿ?

ಲಕ್ಕಮ್ಮ: ಗುಲಾಬಿ ಕಣಮ್ಮ. ಗುಲಾಬಿ.

ಮೊದಲ 'ಗುಲಾಬಿ'ಯಲ್ಲಿದ್ದ ಗೆಲುವು ಎರಡನೆಯದರಲ್ಲಿ ಇರಲಿಲ್ಲ. ಲಕ್ಕಮ್ಮ ಹೊಸ ಮೆಟ್ಟಿಲ ಮೇಲೆ ಕೂತು, ಇಲ್ಲದ ಧೂಳನ್ನು ಸೆರಗಿನಿಂದ ಒರೆಸತೊಡಗಿದಳು.

ಮಧುಶ್ರೀ: ಹಂಗಾದ್ರೆ ಈಶ್ವರಮ್ಮನೂ ನೋಡಿಲ್ಲ ಅನ್ನಿ.

ಲಕ್ಕಮ್ಮ: ಎಲ್ಲಿ ನೋಡ್ತಾಳೆ. ದಿನಾ ನಾಕು ಗಂಟೆಗೆ ಕುರ್ಚಿ ತಂದು ಹಾಕ್ಕತಾಳೆ. 'ಅಕ್ಕಾ, ಕೆಂಚಕ್ಕನ ಆ ಹಿಂದುಮುಂದು ಕಾಲಿಗೆ ಚಪ್ಲಿ ಸಿಕ್ತಾ' ಅಂತಾಳೆ. ತೇಗದ ಬಾಗ್ಲಿಗೆ ನವಿಲು ಕೆತ್ಸಿದೀನಿ, ನವಿಲಿನ ಬಗ್ಗೆ ಒಂದ್ಮಾತಿಲ್ಲ. ಮೆಟ್ಲಿಗೆ ಗ್ರಾನೈಟು ಹಾಕ್ಸಿದೀನಿ, ನೆನ್ನೆ ಅದರ ಮ್ಯಾಲೆ ಕಡ್ಲೇಕಾಯಿ ಸಿಪ್ಪೆ ಹಾಕ್ಕಂಡು ದೆವ್ವ ನೋಡ್ತಾ ಕೂತಿದ್ಲು.

ಬೋರಯ್ಯ: ದೃಷ್ಟಿ ಬೀಳಬಾರ್ದು ಅಂತ ತಾನೇ ಕಟ್ಟಿದ್ದು? ಬಿದ್ದಿಲ್ಲ. ಸಂತೋಷವಾಗಿರು.

ಲಕ್ಕಮ್ಮ: ಬಂದಿದ್ದನ್ನ ತಡೀಬೇಕು ಕಣ್ರೀ. ಬರ್ದೇ ಇದ್ರೆ ತಡಿಯಾದೇನ? ಮೂವತ್ತು ವರ್ಷ ಸೋರೋ ಹೆಂಚಿನ ಕೆಳಗೆ ಪಾತ್ರೆ ಇಕ್ಕಂಡು ಅವಳ ಆರ್‌ಸಿಸಿ ಮನೆ ನೋಡಿದೀನಿ. ಅವಳು ಒಂದ್ಸಲ, ಒಂದೇ ಒಂದ್ಸಲ ನಮ್ಮನೆ ನೋಡಿ ಹೊಟ್ಟೆ ಉರ್ಕಳ್ಳೋದು ಬ್ಯಾಡ್ವಾ?

ಮೇಲೆ ಕೆಂಚಕ್ಕ ಗಾಳಿಗೆ ಪಟಪಟ ಅಂದಳು.

ಮಧುಶ್ರೀ: ಹಂಗಾದ್ರೆ ಪುಸ್ತಕ ಇಳಿಸಿ ಅಜ್ಜಿ. ಮಿಕ್ಕಿದ್ದು ತಾನಾಗೇ ಆಗುತ್ತೆ.

ಲಕ್ಕಮ್ಮ ಎದುರು ಮನೆಯ ಕಡೆ ಒಮ್ಮೆ ನೋಡಿದಳು.

ಲಕ್ಕಮ್ಮ: ಇಳಿಸ್ರೀ.

ಬೋರಯ್ಯ: ಈಗ್ಲಾ? ನಾಕೇ ಪುಟ ಉಳಿದವೆ ಕಣೇ. ಕೆಂಚಕ್ಕ ಚಪ್ಲಿ ಅಂಗಡೀಲಿ ಕೂತವ್ಳೆ. ಅಂಗಡಿಯೋನು ಅಳತೆ ತಗಳಾಕೆ ಬಗ್ಗವ್ನೆ, ಹಿಮ್ಮಡಿ ಎಲ್ಲಿ ಐತೆ ಅಂತ ಇನ್ನೂ ಅವ್ನಿಗೆ ಗೊತ್ತಿಲ್ಲ. ಇಂಥಾ ಹೊತ್ನಾಗೆ ಇಳಿಸು ಅಂತೀಯಲ್ಲ, ಕರುಣೆ ಐತಾ?

ಮಧುಶ್ರೀ: ಉಳಿದಿದ್ದು ಲೈಬ್ರರೀಲಿ ತಾತ. ಏಣಿ ಬೇಕಾಗಿಲ್ಲ, ಬೆಂಚಿದೆ.

ಮಂಡಿನೋವಿನ ಬೋರಯ್ಯ ಒಂದು ನಿಮಿಷದಲ್ಲಿ ಏಣಿ ಹತ್ತಿದ. ಇಳಿಯಲು ಕಾಲು ಗಂಟೆ ಹಿಡಿಯಿತು. ಕ್ಲಿಪ್ಪು ಬಿಗಿಯಾಗಿತ್ತೆಂದ. ನಾಲ್ಕು ಪುಟವನ್ನೂ ಮೇಲೇ ಮುಗಿಸಿ ಬಂದಿದ್ದಾನೆಂದು ಮುಖವೇ ಹೇಳುತ್ತಿತ್ತು.

ಲಕ್ಕಮ್ಮ: (ಮೆಲ್ಲಗೆ) ಸಿಕ್ತಾ, ಚಪ್ಲಿ?

ಬೋರಯ್ಯ: ಲೈಬ್ರರಿಗೋಗಿ ನೋಡ್ಕ.

ಅಷ್ಟರಲ್ಲಿ ಶಾಲೆ ಬಿಟ್ಟಿತು. ಅರವತ್ತು ಮಕ್ಕಳೂ ಬಂದು, ಪುಸ್ತಕ ಮಧುಶ್ರೀಯ ಕಂಕುಳಲ್ಲಿರುವುದನ್ನು ಕಂಡು, ಮೆರವಣಿಗೆಯಂತೆ ಅವಳ ಹಿಂದೆ ಗ್ರಂಥಾಲಯದ ಕಡೆ ಹೊರಟವು. ಶಿರಾ ಬಸ್ಸೂ ನಿಂತು, ಹಾರನ್ ಹೊಡೆದು, ನಿರಾಶೆಯಿಂದ ಹೋಯಿತು.

ಎದುರು ಬಾಗಿಲಿನಿಂದ ಈಶ್ವರಮ್ಮ ಕುರ್ಚಿ ತಂದು ಹಾಕಿದಳು. ಮಡಿಲಲ್ಲಿ ಕಡಲೆಕಾಯಿ.

ಈಶ್ವರಮ್ಮ: ಅಕ್ಕಾ, ಕೆಂಚಕ್ಕ ಎಲ್ಲಿ?

ಲಕ್ಕಮ್ಮ: ಹೊಂಟೋದ್ಲು. ಈಗ ಮನೆ ಒಂದೇ ಇರೋದು.

ನೋಡಲು ಬೇರೇನೂ ಇರಲಿಲ್ಲವಾದ್ದರಿಂದ ಈಶ್ವರಮ್ಮ ಮನೆ ನೋಡಿದಳು. ಕಣ್ಣು ನೆತ್ತಿಯಿಂದ ಗೋಡೆಗೆ ಬಂತು, ಗೋಡೆಯಿಂದ ಗ್ರಿಲ್ಲಿಗೆ, ಗ್ರಿಲ್ಲಿನಿಂದ ನವಿಲಿಗೆ, ನವಿಲಿನಿಂದ ಗ್ರಾನೈಟಿಗೆ. ಅಲ್ಲಿ ತಡೆಯಿತು. ಬಾಯಲ್ಲಿದ್ದ ಕಡಲೆಕಾಯಿ ಅಗಿಯುವುದು ನಿಂತಿತು. ಮೆಟ್ಟಿಲ ಮೇಲೆ ಲಕ್ಕಮ್ಮ ಉಸಿರು ಹಿಡಿದು ಕೂತಿದ್ದಳು.

ಈಶ್ವರಮ್ಮ: ಗುಲಾಬಿ ಬೇರೆ. ನವಿಲು ಬೇರೆ. ಕಲ್ಲು ಬೇರೆ. ಇದಕ್ಕಿಂತ ಆ ದೆವ್ವನೇ ಚೆನ್ನಾಗಿತ್ತು ಬುಡು ಅಕ್ಕ.

ಕುರ್ಚಿ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ಸದ್ದಿಗೆ ಅವಳ ಮನೆಯ ಗಾರೆ ಉದುರಿತು. ಲಕ್ಕಮ್ಮನ ಮುಖ ಮಾತ್ರ ಆಗಲೇ ಗೃಹಪ್ರವೇಶ ಮುಗಿದಂತೆ ಬೆಳಗಿತು.

ಲಕ್ಕಮ್ಮ: ಬಿತ್ತು ಕಣ್ರೀ, ದೃಷ್ಟಿ. ಉಪ್ಪು ಮೆಣ್ಸಿನ್ಕಾಯಿ ತಗಂಬನ್ನಿ, ನಿವಾಳಿಸಿ ತೆಗೀಬೇಕು. ಒಂದ್ಹಿಡಿ ಸಾಲ್ದು, ಮೊರದ ತುಂಬ ತನ್ನಿ.