ಎರಡರಿಂದ ನಾಲ್ಕರವರೆಗೆ ಚಹಾ ಇಲ್ಲ

ನಾನು ನಿಂತಿದ್ದದ್ದು ಶಿಕಾರಿಪುರದಲ್ಲಿ, ನಮ್ಮ ದೊಡ್ಡಮ್ಮನ ಅಡುಗೆಮನೆಯಲ್ಲಿ, ಹೊಸ್ತಿಲಿನಿಂದ ಒಳಗೆ ಎರಡು ಹೆಜ್ಜೆ. ಎಡಗೈ ಫ್ರಿಜ್ಜಿನ ಮೇಲಿತ್ತು. ಶುಕ್ರವಾರ, ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷ. ಗಡಿಯಾರ ನನ್ನೆದುರಿಗೇ ಇತ್ತು, ತಪ್ಪಿಲ್ಲ.

ಆಮೇಲೆ ಆದದ್ದನ್ನು ಹೇಳುವ ಮೊದಲು ಒಂದು ಮಾತು. ದೊಡ್ಡಮ್ಮನ ಕೈಯಡುಗೆ ಬಹಳ ರುಚಿ ಎಂದು ಅವರ ತವರು ಕುಬಟೂರಿನಿಂದ ಹಿಡಿದು ಎಲ್ಲರೂ ಹೇಳುತ್ತಾರೆ. ನಾನು ಕಣ್ಣಾರೆ ಕಂಡದ್ದು ಬೇರೆ. ಅವರು ಒಲೆ ತೊಳೆಯುತ್ತಾರೆ. ಮಧ್ಯೆ ಬಿಡುವಾದರೆ ಅಡುಗೆ ಮಾಡುತ್ತಾರೆ.

ಒಲೆಯೂ ಅಂತಿಂಥದ್ದಲ್ಲ. ಮೇಲೆ ನಾಲ್ಕು ಬರ್ನರ್, ಕೆಳಗೆ ಗಾಜಿನ ಬಾಗಿಲಿನ ಓವನ್. ದೊಡ್ಡಪ್ಪ ಬದುಕಿದ್ದಾಗ ದಾವಣಗೆರೆಯಿಂದ ತಂದದ್ದು. ಆ ಓವನ್ನಿನಲ್ಲಿ ಇದುವರೆಗೆ ಬೆಂದಿರುವುದು ಒಂದೇ ಕೇಕು, ಅದೂ ಒಂದು ಬದಿ ಮಾತ್ರ. ಬೇರೆ ಮನೆಗಳಲ್ಲಾದರೆ ಅದು ಬಾಣಲೆ ತುರುಕುವ ಕಪಾಟು. ಇಲ್ಲಿ ಒಂದು ಚಮಚಕ್ಕೂ ಪ್ರವೇಶವಿಲ್ಲ.

"ಬಳಸದೇ ಇರೋದನ್ನ ದಿನಾ ಯಾಕೆ ತೊಳೀತೀರಿ ದೊಡ್ಡಮ್ಮ?" ಎಂದು ಕೇಳಿದೆ.

"ನೀನು ದಿನಾ ತಲೆ ತೊಳ್ಕೊಳ್ಳಲ್ವೇನೋ?" ಎಂದರು.

ಮಧ್ಯಾಹ್ನ ಎರಡು ಹೊಡೆಯಿತೆಂದರೆ ಒಲೆ ಬಂದ್. ನಾಲ್ಕೂ ಬರ್ನರ್ ಹುಣಸೆಹಣ್ಣಿನ ನೀರಿಗೆ. ಒಂದೊಂದು ತೂತಿಗೂ ತೆಂಗಿನ ಕಡ್ಡಿ. ತಿರುಗಣೆಗಳೆಲ್ಲ ಹಳೇ ಪೇಪರಿನ ಮೇಲೆ ಸಾಲಾಗಿ, ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ. ಎಲ್ಲ ತೊಳೆದು ಜೋಡಿಸಿದ ಮೇಲೆ ರೆಗ್ಯುಲೇಟರ್ ತೆರೆದು, ಸಿಲಿಂಡರಿನಿಂದ ಒಲೆಯವರೆಗೆ ಇಡೀ ಪೈಪಿಗೆ ಸೋಪಿನ ನೊರೆ ಬಳಿದು, ಕನ್ನಡಕ ಹಾಕಿಕೊಂಡು ಅದರ ಮುಂದೆ ಐದು ನಿಮಿಷ ಕೂತುಬಿಡುತ್ತಾರೆ.

"ಪೈಪಿಗೂ ಗಡ್ಡ ಬರುತ್ತಾ ದೊಡ್ಡಮ್ಮ?"

"ನಿಂಗೆ ಬಂದಿರೋದಕ್ಕಿಂತ ಚೆನ್ನಾಗಿ ಬರುತ್ತೆ."

ಒಮ್ಮೆ ಅಂಜನಾಪುರದ ಬೀಗರು ಎರಡೂವರೆಗೆ ಬಂದು ಚಹಾ ಕೇಳಿದರು. ದೊಡ್ಡಮ್ಮ ಮಜ್ಜಿಗೆ ತಂದಿಟ್ಟು, "ಒಲೆ ಸ್ನಾನಕ್ಕೆ ಹೋಗೈತ್ರೀ" ಎಂದರು. ಬೀಗರು ಮಜ್ಜಿಗೆ ಕುಡಿದು ಎದ್ದರು. ಮತ್ತೆ ಬಂದಾಗಲೆಲ್ಲ ನಾಲ್ಕಾಗುವವರೆಗೆ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದು ಬರುತ್ತಾರೆ.

ಶುಕ್ರವಾರದ ಕ್ರಮ ಇನ್ನೊಂದು ತೂಕ ಹೆಚ್ಚು. ತವರಿನಲ್ಲಿ ಮಣ್ಣಿನ ಒಲೆಗೆ ಕೆಮ್ಮಣ್ಣು ಸಾರಿಸಿ, ವಿಭೂತಿ ಹಚ್ಚಿ, ಊದುಬತ್ತಿ ಬೆಳಗಿದ ಮೇಲೆಯೇ ಬೆಂಕಿ ಹೊತ್ತಿಸುತ್ತಿದ್ದರು. ಒಲೆ ಬದಲಾಯಿತೆಂದು ಪದ್ಧತಿ ಬಿಡಲಾದೀತೇ? ಒಂದು ಸಲ ಸಾರಿಸಿದ ಕೆಮ್ಮಣ್ಣು ಬರ್ನರಿನೊಳಗೆ ಇಳಿದು ಒಲೆ ಕೆಮ್ಮತೊಡಗಿತು. ರಿಪೇರಿಯ ರುದ್ರೇಶ ಬಂದ. ಓವನ್ನಿನ ಗಾಜಿನ ಮೇಲೆ ಮೂರೆಳೆ ವಿಭೂತಿ ನೋಡಿ ಹಿಂದಕ್ಕೆ ಹೋಗಿ ಚಪ್ಪಲಿ ಬಿಟ್ಟು ಬಂದು, "ಅಮ್ಮಾರೆ, ಇದು ಒಲೆನೋ ಗದ್ದುಗೆನೋ?" ಎಂದು ಕೇಳಿದ.

"ಕೈ ಮುಗಿದು ರಿಪೇರಿ ಮಾಡು" ಎಂದರು ದೊಡ್ಡಮ್ಮ.

ದೊಡ್ಡಮ್ಮನ ಮಗನಿಗೆ ಸಾಕಾಯಿತು. ಇದನ್ನು ಕಿತ್ತು ಇಂಡಕ್ಷನ್ ಒಲೆ ತರುತ್ತೇನೆಂದ. ಸೊಸೆ ಶೋಭಾಳೂ ಹೂಂ ಎಂದಳು. ನಾಲ್ಕರ ಚಹಾಕ್ಕೆ ಕಾದು ಕಾದು ಅವಳಿಗೂ ತಲೆನೋವು ಬಂದಿತ್ತು.

"ಬೆಂಕಿ ಕಾಣದ ಒಲೆ ಮ್ಯಾಲೆ ನಾನು ನೀರೂ ಕಾಯಿಸೋದಿಲ್ಲ" ಎಂದರು ದೊಡ್ಡಮ್ಮ. "ಅದು ಈ ಬಾಗಿಲು ದಾಟಿದ್ರೆ ಹಿಂದೇನೇ ನಾನೂ ದಾಟ್ತೀನಿ. ಕುಬಟೂರಿಗೆ ಬಸ್ಸಿದೆ."

ಮಗ ಬಗ್ಗಲಿಲ್ಲ. ಶುಕ್ರವಾರ ಬಂದು ಒಲೆ ಕಳಚು ಎಂದು ರುದ್ರೇಶನಿಗೆ ಹೇಳಿಬಿಟ್ಟ.

ಹಿಂದಿನ ದಿನ, ಗುರುವಾರ, ನಾನು ಸೊರಬದಿಂದ ಬಂದಾಗ ಮೂರು ಗಂಟೆ. ತೊಳೆಯುವುದು ಅರ್ಧವಾಗಿತ್ತು. ಅಷ್ಟರಲ್ಲಿ ಊರೊಳಗಿನ ಒಂದು ನಾಮಕರಣಕ್ಕೆ ಮಗ, ಸೊಸೆ, ದೊಡ್ಡಮ್ಮ ಮೂವರೂ ಹೊರಟರು. "ಯಾರೂ ಮುಟ್ಟಬೇಡಿ, ಬಂದು ನೊರೆ ಹಚ್ತೀನಿ" ಎಂದು ದೊಡ್ಡಮ್ಮ ಹೇಳಿ ಹೋದರು. ನನಗೆ ಚಹಾ ಬೇಕಿತ್ತು. ಬರ್ನರ್ ಕೂರಿಸಿ, ಚಹಾ ಕಾಸಿ, ರೆಗ್ಯುಲೇಟರ್ ಮುಚ್ಚಿ, ತೊಳೆಯಲು ಮುಂದಕ್ಕೆಳೆದಿದ್ದ ಒಲೆಯನ್ನು ಮತ್ತೆ ಗೋಡೆಗೆ ತಳ್ಳಿದೆ. ಅವರು ಊಟ ಮುಗಿಸಿಕೊಂಡು ದಣಿದು ಬಂದಾಗ, "ನೊರೆ ಹಚ್ಚಿ ನೋಡಿದೀನಿ, ಮಲಗಿ" ಎಂದೆ. ಹಚ್ಚಿರಲಿಲ್ಲ.

ಶುಕ್ರವಾರ ದೊಡ್ಡಮ್ಮ ರೆಗ್ಯುಲೇಟರ್ ತೆರೆದು, ನಿಧಾನವಾಗಿ ಸಾರಿಸಿ, ವಿಭೂತಿ ಹಚ್ಚಿದರು. ಪೂಜೆ ಮುಗಿಯಲೆಂದು ರುದ್ರೇಶ ಹಿತ್ತಿಲ ಬಾಗಿಲಲ್ಲಿ ಚೀಲ ಹಿಡಿದು ಕಾಯುತ್ತಿದ್ದ. ನಾನು ಒಳಗೆ ಎರಡು ಹೆಜ್ಜೆ ಇಟ್ಟಾಗ ಮೂಗಿಗೆ ಗ್ಯಾಸು ಬಡಿಯಿತು. ದೊಡ್ಡಮ್ಮ ಊದುಬತ್ತಿ ಹಚ್ಚಲು ಬೆಂಕಿಪೆಟ್ಟಿಗೆ ಎತ್ತಿಕೊಂಡಿದ್ದರು. ಒಲೆಯ ಪಕ್ಕದಲ್ಲೇ ಇರುವವರು ಸುಮ್ಮನಿದ್ದಾರಲ್ಲ, ಹಾಗಾದರೆ ಇದು ಗ್ಯಾಸಲ್ಲ ಎಂದು ನಾನು ಯೋಚಿಸಿದೆ. ಯೋಚಿಸುತ್ತಾ ನಿಂತೇ ಇದ್ದೆ. ಅದನ್ನೂ ಬರೆಯಬೇಕು.

ಶೋಭಾ ನನ್ನನ್ನು ನೂಕಿಕೊಂಡು ಹೋಗಿ ಹೂವಿನ ಬುಟ್ಟಿಯಿಂದ ದೊಡ್ಡಮ್ಮನ ಕೈಗೆ ಹೊಡೆದಳು. ಕಡ್ಡಿ ಪೆಟ್ಟಿಗೆಗೆ ತಾಗಿತ್ತು, ಗೀರಿರಲಿಲ್ಲ. ರುದ್ರೇಶ ಸಿಲಿಂಡರ್ ಮುಚ್ಚಿ ಕಿಟಕಿ ತೆರೆದ. ಒಲೆಯ ಹಿಂದೆ ಪೈಪು ಅರ್ಧ ಬೆರಳಿನಷ್ಟು ಜಾರಿತ್ತು.

"ಯಾರ್ರೀ ಇದನ್ನ ತಳ್ಳಿದ್ದು?"

ನಾನು, ಎಂದೆ. ನೊರೆಯ ಸುಳ್ಳನ್ನೂ ಹೇಳಿದೆ. ದೊಡ್ಡಮ್ಮ ಬೈಯಲಿಲ್ಲ. ಬೈದಿದ್ದರೆ ಅಲ್ಲಿ ನಿಲ್ಲುವುದು ಸುಲಭವಾಗುತ್ತಿತ್ತು.

"ಅತ್ತೆ, ನಿಮಗೆ ವಾಸನೆ ಬರ್ಲಿಲ್ವಾ?" ಎಂದಳು ಶೋಭಾ.

ದೊಡ್ಡಮ್ಮ ಚೆಲ್ಲಿದ ಹೂವು ಆಯುತ್ತಿದ್ದರು. "ಆ ದೊಡ್ಡ ಜ್ವರ ಬಂದು ಹೋಯ್ತಲ್ಲ, ಅವತ್ತಿಂದ ಇಲ್ಲ. ಮಲ್ಲಿಗೆನೂ ಇಲ್ಲ, ಒಗ್ಗರಣೆನೂ ಇಲ್ಲ. ಹೇಳಿದ್ರೆ ನನ್ನ ಇಲ್ಲಿಂದ ಎಬ್ಬಿಸ್ತಿದ್ರಿ. ಅದಕ್ಕೇ ಕಣ್ಣಲ್ಲಿ ನೋಡ್ಕೋತಿದ್ದೆ. ಸೋರಿದ್ರೆ ನೊರೆಯಲ್ಲಿ ಗುಳ್ಳೆ ಏಳುತ್ತೆ."

ರುದ್ರೇಶನ ಫೋನು ಬಡಿದುಕೊಂಡಿತು. ಮಗ. ಕಳಚಿದ್ದಾಯಿತಾ ಎಂದು ಕೇಳುತ್ತಿದ್ದ. ಶೋಭಾ ಫೋನು ಕಸಿದುಕೊಂಡಳು.

"ಒಲೆ ಎಲ್ಲೂ ಹೋಗಲ್ಲ ರೀ. ಹೊಸ ಪೈಪು ಹಾಕಿಸ್ತಿದೀನಿ. ಊಟಕ್ಕೆ ಬನ್ನಿ, ಹೇಳ್ತೀನಿ." ಫೋನಿಟ್ಟು ಅತ್ತೆಯ ಪಕ್ಕ ಕೂತು ತಾನೂ ಹೂವು ಆಯತೊಡಗಿದಳು. "ಇನ್ನು ಕಡ್ಡಿ ಗೀರೋಕೆ ಮುಂಚೆ ನನ್ನ ಕರೀರಿ. ನಾನು ಮೂಸಿ ನೋಡ್ತೀನಿ."

"ನೀನು ಏಳೋದೇ ಏಳೂವರೆಗೆ."

"ಆರಕ್ಕೆ ಏಳ್ತೀನಿ."

ದೊಡ್ಡಮ್ಮ ನಮ್ಮ ಕಡೆ ತಿರುಗಿದರು. "ಕೇಳಿಸ್ಕೊಂಡ್ರಾ? ಇಬ್ಬರು ಸಾಕ್ಷಿ ಇದೀರಿ."

ಹೌದು, ಇದ್ದೇವೆ. ಒಬ್ಬ ನಾನು. ಇನ್ನೊಬ್ಬ ರುದ್ರೇಶ; ಬದುಕಿದ್ದಾನೆ, ಈಗಲೂ ಹಿತ್ತಿಲಲ್ಲಿ ಚಪ್ಪಲಿ ಬಿಟ್ಟೇ ಒಳಗೆ ಬರುತ್ತಾನೆ. ಶೋಭಾ ಬದುಕಿದ್ದಾಳೆ, ಆರಕ್ಕೆ ಏಳುತ್ತಾಳೆ. ದೊಡ್ಡಮ್ಮನೂ ಇದ್ದಾರೆ.