ಸಮುದ್ರವನ್ನು ಸರಿಸಿದ ಮಹನೀಯರಿಗೆ

ಪ್ರಶ್ನೆಪತ್ರಿಕೆ ವಿಭಾಗದ ಮುಖ್ಯಾಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ಐದನೇ ತರಗತಿಯ ಮಕ್ಕಳಿಗೆ ಹತ್ತೊಂಬತ್ತು ವರ್ಷಗಳಿಂದ ನಮ್ಮ ರಾಜ್ಯದ ಭೂಗೋಳ ಹೇಳಿಕೊಡುತ್ತಿರುವ ಸಾಮಾನ್ಯ ಶಿಕ್ಷಕಿಯೊಬ್ಬಳ ಅನಂತ ನಮಸ್ಕಾರಗಳು. ತಾವು, ತಮ್ಮ ಕುರ್ಚಿ, ತಮ್ಮ ರಬ್ಬರ್ ಮುದ್ರೆ ಎಲ್ಲವೂ ಕ್ಷೇಮವೆಂದು ನಂಬಿದ್ದೇನೆ. ಬೆಟ್ಟಗಳು ಎದ್ದು ನಿಲ್ಲಲು ಕೋಟಿಗಟ್ಟಲೆ ವರ್ಷ ಬೇಕಾಯಿತೆಂದು ನಾನು ಮಕ್ಕಳಿಗೆ ಹೇಳುತ್ತ ಬಂದಿದ್ದೆ. ಅವೇ ಬೆಟ್ಟಗಳನ್ನು ಒಂದೇ ಮಧ್ಯಾಹ್ನದಲ್ಲಿ ರಾಜ್ಯದ ಆ ತುದಿಯಿಂದ ಈ ತುದಿಗೆ ಸಾಗಿಸಿದ ತಮ್ಮ ಬಗ್ಗೆ ಪಠ್ಯಪುಸ್ತಕದಲ್ಲಿ ಒಂದು ಸಾಲೂ ಇಲ್ಲದಿರುವುದು ನನಗೆ ತುಂಬ ಬೇಸರ ತಂದಿದೆ.

ವಾರ್ಷಿಕ ಪರೀಕ್ಷೆಯಲ್ಲಿ ತಾವು ರಾಜ್ಯದ ಖಾಲಿ ನಕ್ಷೆಯೊಂದನ್ನು ಕೊಟ್ಟು, ಸಮುದ್ರ, ದೊಡ್ಡ ನದಿ ಮತ್ತು ಸ್ವಂತ ಊರನ್ನು ಗುರುತಿಸಿ ಎಂದು ಕೇಳಿದ್ದಿರಿ. ಅಚ್ಚಿಗೆ ಕೊಡುವಾಗ ಯಾರೋ ಟ್ರೇಸಿಂಗ್ ಹಾಳೆಯನ್ನು ಮಗುಚಿ ಇಟ್ಟಿದ್ದರು. ನಕ್ಷೆಯ ಮೇಲೆ ಒಂದಕ್ಷರವೂ ಇರಲಿಲ್ಲವಾದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಕನ್ನಡಿಯಲ್ಲಿ ಕಂಡ ಹಾಗೆ ಎಡಗಡೆಯ ಕರಾವಳಿ ಬಲಗಡೆಗೆ ಬಂದು ಕೂತಿತು. ತಮ್ಮ ಮಾದರಿ ಉತ್ತರ ಮಾತ್ರ ‘ಸಮುದ್ರ: ಎಡಭಾಗ’ ಎಂದೇ ಉಳಿಯಿತು. ಕುಣಿಯಲಾರದವರು ನೆಲ ಡೊಂಕು ಎನ್ನುತ್ತಾರಂತೆ. ತಾವು ನೆಲವನ್ನೇ ಡೊಂಕು ಮಾಡಿ, ಅದರ ಮೇಲೆ ನೆಟ್ಟಗೆ ಕುಣಿದವರ ಅಂಕ ಕತ್ತರಿಸಿದಿರಿ.

ಕುಣಿದವಳು ಯಾರೆಂದು ಹೇಳುತ್ತೇನೆ. ನಮ್ಮ ತರಗತಿಯಲ್ಲಿ ಎಲ್ಲರೂ ‘ಸ್ಟೇರಿಂಗ್’ ಎಂದೇ ಕರೆಯುವ ಹುಡುಗಿಯೊಬ್ಬಳಿದ್ದಾಳೆ, ಬಾಡಿಗೆ ಬಸ್ಸಿನ ಡ್ರೈವರನ ಮಗಳು. ಊರವರಿಗೆಲ್ಲ ಸಮುದ್ರ ತೋರಿಸಿಕೊಂಡು ಬರುವ ಆ ಬಸ್ಸಿನಲ್ಲಿ ಡ್ರೈವರನ ಮಗಳಿಗೆ ಸೀಟಿಲ್ಲ, ಹಾಗಾಗಿ ಅವಳು ಈವರೆಗೆ ಸಮುದ್ರ ಕಂಡಿಲ್ಲ. ಆದರೆ ಅಪ್ಪ ಟ್ರಿಪ್ ಮುಗಿಸಿ ಬಂದು ಊಟಕ್ಕೆ ಕೂತಾಗ, ಲೋಟದ ನೀರಿನಲ್ಲಿ ಬೆರಳದ್ದಿ, ತಟ್ಟೆಯ ಪಕ್ಕದಲ್ಲಿ ದಾರಿ ಬರೆದು ತೋರಿಸುತ್ತಾನೆ: ಇಲ್ಲಿ ಬೆಟ್ಟದ ತಿರುವು, ಇಲ್ಲಿ ಸೇತುವೆ, ಇಲ್ಲಿ ಮಡಿಸಿದ ಮೊಣಕೈಯ ಹಾಗೆ ಬಾಗುವ ಕರಾವಳಿ. ಆ ಮೊಣಕೈಯನ್ನು ಅವಳು ತಮ್ಮ ನಕ್ಷೆಯ ಬಲಗಡೆ ಕಂಡಳು, ಸಮುದ್ರವನ್ನು ಅಲ್ಲೇ ಗುರುತಿಸಿದಳು, ಉಳಿದೆರಡನ್ನೂ ಅದಕ್ಕೆ ತಕ್ಕಂತೆ ಇಟ್ಟಳು. ಸಾಲದೆಂಬಂತೆ ಮೂಲೆಯಲ್ಲಿ ಪೆನ್ಸಿಲಿನಿಂದ ಬರೆದಳು: ‘ಸಾರ್, ಮ್ಯಾಪ್ ಉಲ್ಟಾ ಆಗಿದೆ. ಹಾಳೆ ತಿರುಗಿಸಿ ಕಿಟಕಿ ಬೆಳಕಿಗೆ ಹಿಡಿದು ನೋಡಿ, ಸರಿ ಕಾಣುತ್ತೆ.’

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವಷ್ಟು ವಿಧೇಯರಾದ ತಮ್ಮ ಮೌಲ್ಯಮಾಪಕರು ಹಿಡಿದು ನೋಡಲಿಲ್ಲ. ನಕ್ಷೆಯ ಮೂರು ಅಂಕವೂ ಹೋಯಿತು. ‘ಅನಗತ್ಯ ಬರಹ’ ಎಂದು ಕೆಂಪು ಶಾಯಿಯಲ್ಲಿ ಬರೆದು ಇನ್ನೊಂದು ಅಂಕವನ್ನೂ ಕಳೆದರು.

ಭೂಗೋಳದಲ್ಲಿ ಪ್ರತಿ ಶಾಲೆಗೆ ಮೊದಲು ಬಂದ ಮಗುವನ್ನು ಇಲಾಖೆಯೇ ಸಮುದ್ರ ತೋರಿಸಲು ಕರೆದೊಯ್ಯುತ್ತದೆಂದು ತಾವೇ ಘೋಷಿಸಿದ್ದಿರಿ. ಎರಡೇ ಅಂಕದಲ್ಲಿ ಸ್ಟೇರಿಂಗ್‌ಗೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆ ಸೀಟು ಸಿಕ್ಕಿದ್ದು, ಮುಚ್ಚಿಡುವುದೇಕೆ, ಅದೇ ತರಗತಿಯಲ್ಲಿರುವ ನನ್ನ ಸ್ವಂತ ಮಗನಿಗೆ. ಸಮುದ್ರವನ್ನು ಒಣ ನೆಲದ ಮೇಲೆ ಯಾಕಪ್ಪ ಹರಿಸಿದೆ ಎಂದು ಕೇಳಿದರೆ, ‘ನಾನು ನಕ್ಷೆ ನೋಡ್ಲೇ ಇಲ್ಲಮ್ಮ. ಸಮುದ್ರ ಎಡಕ್ಕೆ ಅಂತ ದಿನಾ ನೀನೇ ತಾನೆ ಹೇಳಿಸೋದು?’ ಎಂದ. ನನಗೆ ನಿಜಕ್ಕೂ ನಾಚಿಕೆಯಾಯಿತು. ತಾವು ಮಗುಚಿ ಇಟ್ಟದ್ದು ಒಂದು ಹಾಳೆಯನ್ನು. ನಾನು ಹತ್ತೊಂಬತ್ತು ವರ್ಷ ಮಕ್ಕಳನ್ನೇ ಹಾಗೆ ಇಟ್ಟಿದ್ದೇನೆ. ಆದ್ದರಿಂದ ಈ ಪತ್ರವನ್ನು ದೂರೆಂದು ತಿಳಿಯದೆ, ಒಂದೇ ಕಸುಬಿನವರ ಕಷ್ಟಸುಖವೆಂದು ತಿಳಿಯಬೇಕು.

ಮರುಮೌಲ್ಯಮಾಪನ ಕೋರಿ ತಮ್ಮ ಕಚೇರಿಗೆ ಫೋನ್ ಮಾಡಿದ್ದೆ. ಗುಮಾಸ್ತರು ಬಹಳ ಸಮಾಧಾನದಿಂದ, ‘ಮೇಡಂ, ನಕ್ಷೆ ತಪ್ಪಿರಬಹುದು, ಆದ್ರೆ ಉತ್ತರ ತಪ್ಪಿಲ್ಲ. ಅಷ್ಟೂ ಮಕ್ಕಳಿಗೆ ಮಾರ್ಕ್ಸ್ ಹಾಕಿ ಆಗಿದೆ, ಈಗ ಬಂದು ಸಮುದ್ರ ಆ ಕಡೆ ಅಂದ್ರೆ ಹೇಗೆ?’ ಎಂದರು. ಅವರ ಮಾತು ಒಪ್ಪತಕ್ಕದ್ದೇ. ನಕ್ಷೆಯನ್ನಾಗಲಿ ಅಂಕವನ್ನಾಗಲಿ ಬದಲಿಸಲಾಗದು ಎಂದಮೇಲೆ, ಬದಲಿಸಬಹುದಾದದ್ದು ರಾಜ್ಯವೊಂದೇ. ದಯವಿಟ್ಟು ಸಮುದ್ರಕ್ಕೆ ವರ್ಗಾವಣೆ ಆದೇಶ ಹೊರಡಿಸಿ. ಮೀನುಗಳಿಗೆ ಪ್ರಯಾಣಕ್ಕೆಂದು ಏಳು ದಿನ ರಜೆ ಕೊಡಿ. ಇನ್ನು ಮುಂದೆ ಬೆಟ್ಟ ಹತ್ತಿ ಹರಿಯಬೇಕಾಗಿರುವುದರಿಂದ ದೊಡ್ಡ ನದಿಗೆ ಒಂದು ತರಬೇತಿ ಶಿಬಿರ ಏರ್ಪಡಿಸಿ. ಆ ಕಡೆಯ ನೆರೆರಾಜ್ಯದವರಿಗೂ ಒಂದು ಸುತ್ತೋಲೆ ಹೋಗಲಿ, ಮುಳುಗುವವರಿಗೆ ಮೊದಲೇ ತಿಳಿಸುವುದು ಸೌಜನ್ಯ.

ಮೊನ್ನೆ ತರಗತಿಯಲ್ಲಿ ಅಭ್ಯಾಸಬಲದಿಂದ ಸಮುದ್ರ ಎಲ್ಲಿದೆ ಎಂದು ಕೇಳಿದೆ. ಎಲ್ಲರಿಗಿಂತ ಮೊದಲು ಕೈಯೆತ್ತುತ್ತಿದ್ದ ಸ್ಟೇರಿಂಗ್ ಈ ಸಲ ಕೈಯೆತ್ತಲಿಲ್ಲ. ಹೆಸರು ಹಿಡಿದು ಕರೆದ ಮೇಲೆ ಎದ್ದು ನಿಂತು, ‘ಟೀಚರ್, ಪರೀಕ್ಷೆಗೋ ನಿಜಕ್ಕೋ?’ ಎಂದಳು. ತುಂಟತನವಿರಲಿಲ್ಲ, ತಿಳಿದುಕೊಳ್ಳಲೆಂದೇ ಕೇಳಿದಳು. ಮಾದರಿ ಉತ್ತರಗಳು ತಮ್ಮಲ್ಲಿ ಧಾರಾಳವಾಗಿವೆಯೆಂದು ಕೇಳಿದ್ದೇನೆ, ಇದಕ್ಕೂ ಒಂದನ್ನು ಕಳಿಸಿಕೊಡಬೇಕು.

ಎಡಬಲಗಳೆರಡರಲ್ಲೂ ತಮ್ಮ ಕೀರ್ತಿ ಹಬ್ಬಲೆಂದು ಹಾರೈಸುವ,

ತಮ್ಮ ವಿಶ್ವಾಸಿ,
ಐದನೇ ತರಗತಿಯ ಭೂಗೋಳ ಶಿಕ್ಷಕಿ

ತಾ.ಕ.: ನನ್ನ ಮಗ ತನ್ನ ಸೀಟನ್ನು ಸ್ಟೇರಿಂಗ್‌ಗೆ ಬಿಟ್ಟುಕೊಟ್ಟಿದ್ದಾನೆ. ಸೀಟು ಬದಲಾಯಿಸಲು ನಿಯಮವಿಲ್ಲವೆಂದು ತಮ್ಮ ಕಚೇರಿ ತಿಳಿಸಿರುವುದರಿಂದ ಅದು ಖಾಲಿಯೇ ಹೋಗಲಿದೆ. ಪ್ರವಾಸಕ್ಕೆ ತಾವು ಗೊತ್ತುಮಾಡಿರುವುದು ಅವಳ ಅಪ್ಪನ ಬಸ್ಸನ್ನೇ, ತಾವೂ ಮುಂದಿನ ಸೀಟಿನಲ್ಲಿ ಬರುತ್ತೀರೆಂದು ತಿಳಿದು ಸಂತೋಷವಾಯಿತು. ತಮ್ಮ ನಕ್ಷೆಯನ್ನೂ ಮಾದರಿ ಉತ್ತರವನ್ನೂ ಆ ಡ್ರೈವರನಿಗೆ ಕೊಟ್ಟಿದ್ದೇನೆ. ‘ಮೇಡಂ, ಈ ದಾರೀಲಿ ಹೋದ್ರೆ ಕಲ್ಲುಕ್ವಾರಿ ಸಿಗುತ್ತೆ’ ಎಂದ. ಸಾಹೇಬರು ಅದೇ ಸರಿ ಅಂದಿದ್ದಾರೆ, ಹಾಗೇ ಹೋಗಪ್ಪ ಎಂದಿದ್ದೇನೆ. ದಾರಿ ತಿಳಿಯದಿದ್ದರೆ ಫೋನ್ ಮಾಡಿ; ಸ್ಟೇರಿಂಗ್ ಮನೆಯಲ್ಲೇ ಇರುತ್ತಾಳೆ.